ವೆಸ್ಟರ್‌ವೆಲ್ಡಿನ ಹತ್ತು ಡಾಲರ್ ನೋಟು

ಟೀನಾ ನಾಲ್ಕನೆಯ ಖಾನೆಯನ್ನೂ ಎಳೆದಳು. ಅದರಲ್ಲಿಯೂ ಟೈ ಇರಲಿಲ್ಲ. ಮೊದಲಿನ ಮೂರರಲ್ಲಿದ್ದಂತೆ ಅಲ್ಲಿಯೂ ಪಾರದರ್ಶಕ ಲಕೋಟೆಗಳು, ಒಂದೊಂದರಲ್ಲಿ ಒಂದೊಂದು ಹಳೆಯ ನೋಟು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಊರಿನ ಹೆಸರು. ಗಂಡಸಿನ ಬಟ್ಟೆ ಇರಬೇಕಾದ ಜಾಗದಲ್ಲಿ ಸತ್ತ ಬ್ಯಾಂಕುಗಳು ಸಾಲಾಗಿ ಮಲಗಿದ್ದವು.

ಬಾಗಿಲಲ್ಲಿ ನೈಹಾಫ್ ಟೋಪಿ ಹಿಡಿದು ನಿಂತಿದ್ದ. ಊರಿನಲ್ಲಿ ಯಾರು ಸತ್ತರೂ ಮೈ ತೊಳೆದು, ಬಟ್ಟೆ ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸುವವನು ಅವನೇ.

"ಟೀನಕ್ಕ, ಒಂಬತ್ತು ಹೊಡೀತು. ಸಿಗದಿದ್ರೆ ಬಿಡಿ. ನನ್ ಹತ್ರ ಒಂದು ಕರೀ ಟೈ ಇದೆ."

"ಎಪ್ಪತ್ತೆಂಟು ವರ್ಷ ಬದುಕಿದವನಿಗೆ ಹೋಗೋ ದಿನ ಹಾಕ್ಕೊಳ್ಳೋಕೆ ಒಂದು ಸ್ವಂತ ಟೈ ಇಲ್ಲ ನೋಡು. ಕಾಗದ ಇದೆ. ಬೇಕಾದಷ್ಟು ಕಾಗದ."

"ಭಾನುವಾರ ಕಂದು ಬಣ್ಣದ್ದು ಒಂದು ಹಾಕ್ತಿದ್ರಲ್ಲ?"

"ಅದನ್ನ ನಾನೇ ಎಸೆದೆ. ಸೂಪಿನ ಕಲೆ. ಹೊಸದು ತಗೋ ಅಂದೆ. ಹ್ಞೂಂ ಅಂದ. ತಗೊಂಡಿದ್ದು ಇದನ್ನ." ಒಂದು ಲಕೋಟೆಯನ್ನು ಎತ್ತಿ ತೋರಿಸಿ ಮತ್ತೆ ಖಾನೆಯೊಳಕ್ಕೆ ಬಿಸಾಡಿದಳು.

ಅವಳ ತಮ್ಮ ಹಾರ್ಮ್ ವಿಯರ್ಸ್ಮಾ ನಲವತ್ತೊಂದು ವರ್ಷ ಊರಿನ ಮೆಕ್ಕೆಜೋಳದ ಗೋದಾಮಿನಲ್ಲಿ ಲಾರಿಗಳ ತೂಕ ನೋಡಿದವನು. ಅವನ ಕಾಟಾ ಒಂದು ಹಿಡಿ ಕಾಳಿನಷ್ಟು ತಪ್ಪಿತೆಂದು ಯಾವ ರೈತನೂ ಹೇಳಿದ್ದಿಲ್ಲ. ಮದುವೆಯಾಗಲಿಲ್ಲ, ಕುಡಿಯಲಿಲ್ಲ, ಯಾರ ಮೇಲೂ ಕೂಗಾಡಲಿಲ್ಲ. ಹಳೆಯ ಬ್ಯಾಂಕ್ ನೋಟುಗಳನ್ನು ಹುಡುಕಿ ತಂದು ಕೂಡಿಟ್ಟ. ಊರು ಅವನಲ್ಲಿ ಕಂಡ ಪಾಪ ಅಷ್ಟೇ. ನೂರು ವರ್ಷದ ಹಿಂದೆ ಅಯೋವಾ ರಾಜ್ಯದ ಪುಟ್ಟ ಪುಟ್ಟ ಊರಿನ ಬ್ಯಾಂಕಿಗೂ ತನ್ನದೇ ಹೆಸರಿನ ನೋಟು ಇರುತ್ತಿತ್ತು. ವಾಷಿಂಗ್ಟನ್ನಿನಲ್ಲಿ ಅಚ್ಚಾದ ಹಾಳೆ ಬರುತ್ತಿತ್ತು. ಊರಿನ ಕ್ಯಾಷಿಯರು ಒಂದೊಂದಕ್ಕೂ ಶಾಯಿಯಲ್ಲಿ ಸಹಿ ಹಾಕಿ ಕತ್ತರಿಸಿ ಕೊಡುತ್ತಿದ್ದ. ಬ್ಯಾಂಕುಗಳು ಮುಚ್ಚಿದವು, ವಾಪಸು ಹೋದ ನೋಟುಗಳನ್ನು ಸರ್ಕಾರ ಸುಟ್ಟುಹಾಕಿತು. ಎಲ್ಲೋ ಗೋಡೆಯ ಸಂದಿಯಲ್ಲಿ, ಯಾವುದೋ ಮುದುಕಿಯ ಟ್ರಂಕಿನ ತಳದಲ್ಲಿ ಉಳಿದವನ್ನು ಹಾರ್ಮನಂಥವರು ಹುಡುಕುತ್ತಿದ್ದರು. ನೋಟಿನ ಮೇಲಿನ ಸಂಖ್ಯೆಯಷ್ಟನ್ನೇ ಹೇಳಿದರೆ ಸಾಕು, ಅದು ಯಾವ ಊರಿನ ಬ್ಯಾಂಕು, ಎಂದು ಬಾಗಿಲು ತೆರೆಯಿತು, ಎಂದು ಮುಚ್ಚಿತು, ಕ್ಯಾಷಿಯರ್ ಯಾರು ಎಂದು ಅವನು ಹೇಳುತ್ತಿದ್ದ. ಕೇಳುವವರು ಇರಲಿಲ್ಲ. ಊರವರು ಅವನನ್ನು ನೋಟಿನ ಹಾರ್ಮ್ ಎಂದು ಕರೆಯುತ್ತಿದ್ದರು, ಅವನ ಎದುರಿಗೇ.

"ಪಾದ್ರಿಗಳು ಕೀರ್ತನೆ ಪುಸ್ತಕ ಕೇಳಿದ್ರು, ಕೈಯಲ್ಲಿಡೋಕೆ," ಎಂದ ನೈಹಾಫ್.

ಪುಸ್ತಕ ಹಾಸಿಗೆಯ ಪಕ್ಕದ ಮೇಜಿನ ಮೇಲಿತ್ತು. ಟೀನಾ ಅದನ್ನೆತ್ತಿ, ಇದರೊಳಗೂ ಏನಾದರೂ ತುರುಕಿದ್ದಾನೋ ಎಂದು ಝಾಡಿಸಿದಳು. ಒಂದು ಲಕೋಟೆ ಬಿತ್ತು, ಒಳಗೆ ಹತ್ತು ಡಾಲರಿನ ನೋಟು. ಊರಿನ ಹೆಸರು ಬರೆಯುವ ಜಾಗದಲ್ಲಿ ಹಾರ್ಮನ ಸಣ್ಣ ಪೆನ್ಸಿಲ್ ಅಕ್ಷರ: 'ಸಹಿ ನಾನು ಹಾಕಿದ್ದಲ್ಲ.'

ಅವಳು ಕುಳಿತಳು. ತಮ್ಮನ ಭೂತಗನ್ನಡಿ ಅಲ್ಲೇ ಇತ್ತು. ಅದನ್ನು ಕಣ್ಣಿಗೆ ಹಿಡಿದು ನೋಟಿನ ಕೆಳಗಿನ ಎಡಮೂಲೆಯನ್ನು ನೋಡಿದಳು. ಕಂದು ತಿರುಗಿದ ಶಾಯಿಯಲ್ಲಿ ತನ್ನ ಅಜ್ಜನ ಹೆಸರು: ಕೆ. ವಿಯರ್ಸ್ಮಾ, ಕ್ಯಾಷಿಯರ್. ಆ ಇಂಗ್ಲಿಷ್ 'ಕೆ' ಅಕ್ಷರದ ಕಾಲು ನೇರ ನಿಲ್ಲದೆ, ಮಲಗಿದ ಬೆಕ್ಕಿನ ಬಾಲದಂತೆ ಹಿಂದಕ್ಕೆ ಸುತ್ತಿ ತನ್ನ ಬುಡವನ್ನೇ ತಬ್ಬಿತ್ತು. 

ಆ ಅಕ್ಷರವನ್ನು ಅವಳು ನಿನ್ನೆ ಸಂಜೆಯಷ್ಟೇ ನೋಡಿದ್ದಳು. ತನ್ನ ಅಡುಗೆಮನೆಯಲ್ಲಿ, ಹಿಟ್ಟಿನ ಪಕ್ಕದಲ್ಲಿ.

"ಟೀನಕ್ಕ? ಮೈ ಸರಿಯಿದೆಯಾ?"

"ನೀನು ನಡಿ. ನಿನ್ ಟೈನೇ ಕಟ್ಟು," ಎಂದಳು. ನೋಟನ್ನೂ ಭೂತಗನ್ನಡಿಯನ್ನೂ ಕೈಚೀಲಕ್ಕೆ ಹಾಕಿಕೊಂಡಳು. "ನನ್ನ ಮನೆ ಹತ್ರ ಒಂದು ನಿಮಿಷ ಗಾಡಿ ನಿಲ್ಲಿಸು."

*

ಸಾವಿರದ ಒಂಬೈನೂರ ಎಂಬತ್ತಮೂರರ ಡಿಸೆಂಬರಿನಲ್ಲಿ ಹಾರ್ಮ್ ಆ ನೋಟನ್ನು ರಾಜಧಾನಿ ಡೆ ಮೊಯಿನ್‌ಗೆ ಒಯ್ದಿದ್ದ. ಪಕ್ಕದ ಜಿಲ್ಲೆಯ ಒಂದು ಕೊಟ್ಟಿಗೆ ಕೆಡವುವಾಗ ಗೋಡೆಯೊಳಗೆ ಸಿಕ್ಕಿದ ಚರ್ಮದ ಚೀಲದಲ್ಲಿದ್ದ ನೋಟು ಅದು. ಅದಕ್ಕಾಗಿ ಅವನು ತನ್ನ ಪಿಕಪ್ ಗಾಡಿಯನ್ನು ಕೊಟ್ಟುಬಿಟ್ಟು, ಎರಡು ಚಳಿಗಾಲ ಗೋದಾಮಿಗೆ ನಡೆದುಕೊಂಡು ಹೋದ. ವೆಸ್ಟರ್‌ವೆಲ್ಡಿನ ಬ್ಯಾಂಕಿನದು, ಎಂದರೆ ತನ್ನ ಊರಿನದು, ಇಡೀ ಲೋಕದಲ್ಲಿ ಉಳಿದಿದ್ದುದು ಅದೊಂದೇ. ಅದರ ಮೇಲೆ ಅಜ್ಜನ ಹೆಸರಿತ್ತು. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಊರವರ ಠೇವಣಿ ಮುಳುಗಿಸಿ ಬ್ಯಾಂಕು ಬಾಗಿಲು ಹಾಕಿದಾಗಿನಿಂದ ಊರು ಉಗುಳುತ್ತ ಬಂದ ಹೆಸರು ಅದು.

ಹೋಟೆಲಿನ ಸಭಾಂಗಣದಲ್ಲಿ ನೋಟು ಕೂಡಿಡುವವರ ವಾರ್ಷಿಕ ಸಮಾವೇಶ. ಬಾಗಿಲಲ್ಲಿಯೇ ಎಲ್ಲರ ಪೆನ್ನುಗಳನ್ನೂ ತೆಗೆದಿಡಿಸುತ್ತಿದ್ದರು. ನೋಟು ಇರುವ ಮೇಜಿನ ಹತ್ತಿರ ಪೆನ್ಸಿಲ್ ಮಾತ್ರ. ಅದು ಅವರ ಕಟ್ಟಳೆ. ನಡುವಿನ ಮೇಜಿನಲ್ಲಿ ಲೀಲಂಡ್ ಪ್ರೆವಿಟ್ ಎಂಬ ಹಲ್ಲಿನ ವೈದ್ಯ ಕುಳಿತಿದ್ದ. ರಾಜ್ಯದಲ್ಲಿ ಉಳಿದಿರುವ ಪ್ರತಿಯೊಂದು ನೋಟನ್ನೂ ಪರೀಕ್ಷಿಸಿ ನೀಲಿ ರಟ್ಟಿನ ಪಟ್ಟಿ ಪುಸ್ತಕದಲ್ಲಿ ಬರೆಯುವವನು. ಅವನು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ.

ಪ್ರೆವಿಟ್ ಜಿಲ್ಲಾ ಕಚೇರಿಯ ಹಳೆಯ ಜಮೀನು ಪತ್ರಗಳ ನಕಲು ತರಿಸಿಟ್ಟುಕೊಂಡಿದ್ದ. ಅವುಗಳಲ್ಲಿ ಹಾರ್ಮನ ಅಜ್ಜ ಕ್ಲಾಸ್ ವಿಯರ್ಸ್ಮಾನ ಸಹಿ ಇತ್ತು. ಅಲ್ಲಿ 'ಕೆ' ಎಂದರೆ ಒಂದರ ಮೇಲೊಂದು ಬಿದ್ದ ಎರಡು ಕಡ್ಡಿ. ನೋಟಿನ ಮೇಲಿನ 'ಕೆ' ಬೇರೆ. ಅವನು ಎರಡು ನಿಮಿಷ ನೋಡಿದ.

"ಮೂಲ ಸಹಿ ಮಾಸಿಹೋಗಿದೆ. ಆಮೇಲೆ ಯಾರೋ ಅದರ ಮೇಲೆ ಬರೆದಿದ್ದಾರೆ."

"ಯಾರು ಬರೀತಾರೆ, ಸಾರ್?"

"ಅಜ್ಜನ ಹೆಸರು ಎದ್ದು ಕಾಣ್ಲಿ ಅನ್ನೋ ಆಸೆ ಯಾರಿಗಿರತ್ತೋ ಅವರು," ಎಂದು ಪ್ರೆವಿಟ್ ನಕ್ಕ. ಸುತ್ತ ನಿಂತವರೂ ನಕ್ಕರು. "ನಿಮ್ಮ ಜೇಬಲ್ಲಿ ಪೆನ್ನಿದೆಯಾ ನೋಡ್ಕೊಳ್ಳಿ."

ನಲವತ್ತೆರಡು ವರ್ಷದ ಹಾರ್ಮ್, ಒಂದು ಕಾಳು ಹೆಚ್ಚು ಕಡಿಮೆ ಮಾಡದವನು, ನಿಜವಾಗಿಯೂ ಜೇಬು ಮುಟ್ಟಿ ನೋಡಿಕೊಂಡ. ಅದನ್ನು ಕಂಡು ಅವರು ಇನ್ನೂ ನಕ್ಕರು.

ಸಂಜೆ ಬಸ್ಸಿಳಿದವನು ನೇರವಾಗಿ ಅಕ್ಕನ ಮನೆಗೆ ಬಂದ. ಕ್ರಿಸ್ಮಸ್ಸಿನ ಹಿಂದಿನ ವಾರ. ಟೀನಾ ಕ್ರಾಕೆಲಿಂಗ್ ಬಿಸ್ಕತ್ತಿಗೆ ಹಿಟ್ಟು ಹೊಸೆಯುತ್ತಿದ್ದಳು. ಅಜ್ಜಿಯ ಅಡುಗೆ ಚೀಟಿ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತ್ತು.

"ಟೀನಕ್ಕ, ಒಂದೇ ಒಂದು ಸಲ ಇದನ್ನ ನೋಡು. ಅಜ್ಜನ ಸಹಿ ನಿನಗೆ ನೆನಪಿದೆಯಾ? ಹೀಗಿತ್ತಾ?"

"ಆ ಹೊಲಸು ಕಾಗದ ನನ್ನ ಹಿಟ್ಟಿನ ಹತ್ರ ತರಬೇಡ."

"ಆ ಹಲ್ಲಿನ ಡಾಕ್ಟ್ರು ಹಳೇ ಜಮೀನು ಪತ್ರದ ಸಹಿ ಪಕ್ಕ ಇಟ್ಟು ಎರಡೇ ನಿಮಿಷ ನೋಡಿದ್ರು, ಎಲ್ಲರೂ ನಕ್ಕರು. ನಾನು ತಿದ್ದಿದ್ದೀನಿ ಅಂತಾರೆ ಅಕ್ಕ."

"ಅಂದ್ಕೊಳ್ಳಲಿ. ಗಾಡಿ ಮಾರಿ ಕಾಗದ ತಗೊಂಡವನಿಗೆ ಇನ್ನೇನು ಅಂತಾರೆ? ಅಜ್ಜ ಸಾಕಷ್ಟು ಅನ್ನಿಸ್ಕೊಂಡ. ನೀನು ಬೇರೆ ಅವನ ಹೆಸರನ್ನ ಊರೂರಿಗೆ ಮೆರವಣಿಗೆ ಮಾಡ್ಸು."

"ನೀನು ನೋಡಿದ್ರೆ..."

"ಬಾಗಿಲು ಹಾಕ್ಕೊಂಡು ಹೋಗು. ಚಳಿ ಬರ್ತಿದೆ."

ಅವನು ನೋಟನ್ನು ಹಿಡಿದು ನಿಂತಿದ್ದ ಜಾಗಕ್ಕೂ ಚೀಟಿಗೂ ನಡುವೆ ಒಂದು ಗೇಣು ಅಂತರವಿತ್ತು. ಅವನು ನೋಟನ್ನು ಕೋಟಿನೊಳಗೆ ಇಟ್ಟುಕೊಂಡು ಹೋದ. ಮುಂದೆ ಮೂವತ್ತಾರು ವರ್ಷ ಪ್ರತಿ ಭಾನುವಾರ ಅವಳ ಪಕ್ಕದಲ್ಲಿ ಕುಳಿತು ಕೀರ್ತನೆ ಹಾಡಿದ. ಆ ಮಾತನ್ನು ಮತ್ತೆ ಎತ್ತಲಿಲ್ಲ.

*

ಹಾರ್ಮನ ಅಂತ್ಯಕ್ರಿಯೆಯ ಆರಾಧನೆ ಮುಗಿದಾಗ ಹನ್ನೊಂದೂವರೆ. ಪಾದ್ರಿ ಫಾಂಡರ್ಲಾನ್ ಉಪದೇಶದಲ್ಲಿ ಈ ಲೋಕದ ಸಂಪತ್ತಿನ ವಿಷಯವನ್ನು ಮೂರು ಸಲ ಎತ್ತಿದ, ಮೂರು ಸಲವೂ ಪೆಟ್ಟಿಗೆಯ ಕಡೆ ನೋಡಿದ. ಆತನ ಹೊಸ ಕಾರು ಹೊರಗೆ ಹಿಮದಲ್ಲಿ ನಿಂತಿತ್ತು. ಸ್ಮಶಾನದ ದಾರಿ ಹಿಮ ಬಿದ್ದು ಮುಚ್ಚಿತ್ತು. ಅದನ್ನು ತೆಗೆಯುವ ಯಂತ್ರ ಬರಲು ಇನ್ನೂ ಒಂದು ಗಂಟೆ ಬೇಕೆಂದು ನೈಹಾಫ್ ಬಂದು ಹೇಳಿದ. ಆದ್ದರಿಂದ ಪೆಟ್ಟಿಗೆಯನ್ನು ಮೇಲೆಯೇ ಬಿಟ್ಟು, ಊಟ ಮೊದಲು, ಮಣ್ಣು ಆಮೇಲೆ ಎಂದಾಯಿತು.

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜುಗಳು. ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆ ಸಲಾಡು, ಕಾಫಿ. ಟೀನಾ ನಿನ್ನೆ ಸಂಜೆ ಮಾಡಿದ ಕ್ರಾಕೆಲಿಂಗ್ ಎರಡು ತಟ್ಟೆ. ಬಂದವರು ನಲವತ್ತು ಜನ. ಬದುಕಿದ್ದವನ ಬಾಗಿಲು ತಟ್ಟದವರು ಸತ್ತವನ ಬನ್ನು ತಿನ್ನಲು ಹಿಮ ತುಳಿದು ಬಂದಿದ್ದರು.

"ಟೀನಕ್ಕ, ಆ ಗೋಡೆ ಹತ್ರ ಇಬ್ಬರು ಇದ್ದಾರಲ್ಲ, ಯಾರು?" ಕಾಫಿ ಹಾಕುತ್ತಿದ್ದ ಆಲಿಡಾ ಕೇಳಿದಳು. "ದಪ್ಪಗಿರೋನು ಆಗ್ಲೇ ಐದು ಬನ್ನು ತಿಂದ. ನೆಂಟರಾ?"

"ರಣಹದ್ದಿಗೆ ಸತ್ತವರೆಲ್ಲ ನೆಂಟರೇ."

ಇತರರು ಸಾವಿನ ಮನೆಗೆ ಮುಖ ತೊಳೆದು ಬರುತ್ತಾರೆ. ಇವರು ಭೂತಗನ್ನಡಿ ಒರೆಸಿಕೊಂಡು ಬಂದಿದ್ದರು. ಒಬ್ಬ ಪ್ರೆವಿಟ್. ಈಗ ಎಂಬತ್ತನಾಲ್ಕು ವರ್ಷ, ಬೆನ್ನು ಬಾಗಿದೆ, ಕಂಕುಳಲ್ಲಿ ಅದೇ ನೀಲಿ ರಟ್ಟಿನ ಪುಸ್ತಕ. ಪಾದ್ರಿ ಕೂಡ ಬೈಬಲನ್ನು ಕೆಳಗಿಟ್ಟು ಊಟ ಮಾಡುತ್ತಿದ್ದ. ಇವನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ತಿನ್ನುತ್ತಿದ್ದ. ಇನ್ನೊಬ್ಬ ಕರ್ಟಿಸ್ ಮಾಕ್ಸ್ಲಿ, ನೋಟುಗಳ ವ್ಯಾಪಾರಿ. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ನಲವತ್ತು ಜನ ಕಣ್ಣು ಮುಚ್ಚಿ ತಲೆಬಾಗಿದ್ದಾಗ ಮಾಕ್ಸ್ಲಿ ಕಣ್ಣು ತೆರೆದು ಟೀನಾಳ ಕೈಚೀಲ ನೋಡುತ್ತಿದ್ದ. ಇದು ಅವಳಿಗೆ ಆಗ ಗೊತ್ತಾಗಲಿಲ್ಲ. ಆಲಿಡಾ ಆಮೇಲೆ ಹೇಳಿದಳು. ಟೀನಾ ಎಂಬತ್ತೊಂದು ವರ್ಷದಲ್ಲಿ ಒಮ್ಮೆಯೂ ಪ್ರಾರ್ಥನೆಯ ನಡುವೆ ಕಣ್ಣು ತೆರೆದವಳಲ್ಲ. ಚಿಕ್ಕಂದಿನಲ್ಲಿ ಹಾರ್ಮ್ ತೆರೆದಾಗಲೆಲ್ಲ ಮೇಜಿನ ಕೆಳಗೆ ಅವನ ಕಾಲು ಚಿವುಟುತ್ತಿದ್ದಳು.

ಇಬ್ಬರೂ ಎದ್ದು ಅವಳ ಬಳಿ ಬಂದರು.

"ಬಹಳ ಒಳ್ಳೆ ಮನುಷ್ಯ, ಅಮ್ಮ," ಎಂದ ಪ್ರೆವಿಟ್. "ಸಣ್ಣ ಊರಿನ ನೋಟುಗಳನ್ನ ಅಷ್ಟು ಶ್ರದ್ಧೆಯಿಂದ ಕೂಡಿಟ್ಟವರು ಅಪರೂಪ. ಒಂದೇ ಒಂದು ತಪ್ಪು ಮಾಡಿದ್ರು. ಇವತ್ತು ಆ ಮಾತು ಬೇಡ ಬಿಡಿ."

"ಆಡಿಬಿಟ್ರಲ್ಲ ಆಗ್ಲೇ."

ಮಾಕ್ಸ್ಲಿ ಬಾಯಿ ಒರೆಸಿಕೊಂಡ. "ಮನೆಯಲ್ಲಿ ಹೀಟರ್ ಉರೀತಿದೆ ತಾನೇ, ಅಮ್ಮ? ತೇವ ತಗುಲಬಾರದು ಅವಕ್ಕೆ. ಬೀಗ ಹಾಕಿದ್ದೀರಾ?"

"ಹೋದ ತಿಂಗಳು ಎದೆ ಹಿಡ್ಕೊಂಡು ಹದಿನೈದು ದಿನ ಮಲಗಿದ್ದ. ಆಗ ಹೀಟರ್ ಉರೀತಿದೆಯಾ ಅಂತ ಕೇಳೋಕೆ ಯಾರೂ ಬರ್ಲಿಲ್ಲ."

"ಛೆ, ನಮಗೆ ಗೊತ್ತೇ ಆಗ್ಲಿಲ್ಲ."

"ಸತ್ತಿದ್ದು ಮಾತ್ರ ಮಾರನೇ ದಿನವೇ ಗೊತ್ತಾಯ್ತು."

ಮಾಕ್ಸ್ಲಿಗೆ ನಾಚಿಕೆ ಎಂಬುದು ಇರಲಿಲ್ಲ. ಅವನ ಕಸುಬಿಗೆ ಅದು ತೊಡಕು. "ಎಲ್ಲಾ ಒಟ್ಟಿಗೆ ನಾನೇ ತಗೋತೀನಿ. ನಿಮಗೆ ತೊಂದರೆಯಿಲ್ಲ. ಆ ತಿದ್ದಿದ ನೋಟು ಇದೆಯಲ್ಲ, ನಿಮ್ಮೂರಿಂದು, ಅದು ಯಾರಿಗೂ ಬೇಡ. ಆದ್ರೂ ಅವರ ನೆನಪಿಗೆ ಅಂತ ಅದಕ್ಕೂ ಏನಾದ್ರೂ ಕೊಡ್ತೀನಿ."

"ಕೂತ್ಕೊಳ್ಳಿ," ಎಂದಳು ಟೀನಾ. "ಡಾಕ್ಟ್ರೇ, ಆ ಪುಸ್ತಕದಲ್ಲಿ ನಮ್ಮೂರಿನ ಪುಟ ತೆಗೀರಿ. ಜೋರಾಗಿ ಓದಿ."

ಪ್ರೆವಿಟ್ ಸುತ್ತ ನೋಡಿದ. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದ್ದರು. ಅವನು ಪುಟ ತಿರುವಿ ಓದಿದ: "ವೆಸ್ಟರ್‌ವೆಲ್ಡ್, ಫಸ್ಟ್ ನ್ಯಾಷನಲ್ ಬ್ಯಾಂಕ್. ಉಳಿದಿರುವ ನೋಟು ಒಂದು. ಹತ್ತು ಡಾಲರ್. ಕ್ಯಾಷಿಯರ್ ಸಹಿಯನ್ನು ನಂತರದ ಕಾಲದಲ್ಲಿ ಬೇರೆ ಕೈ ತಿದ್ದಿದೆ."

"ಯಾರ ಕೈ?"

"ಹಾಗಂತ ಬರೆದಿಲ್ಲ, ಅಮ್ಮ."

"ಬರೆದಿಲ್ಲ. ಬಾಯಲ್ಲಿ ಹೇಳಿದ್ರಿ. ಮೂವತ್ತಾರು ವರ್ಷ ಹೇಳಿದ್ರಿ." ಅವಳು ಕೈಚೀಲ ತೆರೆದು ಮೊದಲು ನೋಟನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಒಂದು ಹಳದಿಯಾದ ಚೀಟಿಯನ್ನಿಟ್ಟಳು. ಬೆಣ್ಣೆಯ ಕಲೆ, ಒಂದು ಮೂಲೆ ಸುಟ್ಟಿದೆ. "ಈಗ ನೋಡಿ. ಎರಡು ನಿಮಿಷ ಸಾಕು ಅಲ್ವಾ ನಿಮಗೆ?"

*

ಆ ಚೀಟಿಯನ್ನು ಬರೆದವಳು ಅಜ್ಜಿ ಆಲ್ಟ್ಯೆ. ಟೀನಾಳಿಗೆ ಹನ್ನೆರಡು ವರ್ಷವಿದ್ದಾಗ, ಒಂದು ಶನಿವಾರ ಬೆಳಿಗ್ಗೆ, ಹಿಟ್ಟು ಹೊಸೆಯುವುದನ್ನು ಕಲಿಸುತ್ತ ಅಜ್ಜಿ ಅದನ್ನು ಬರೆದುಕೊಟ್ಟಳು. ಅಜ್ಜ ಕಿಟಕಿಯ ಬಳಿ ಕುಳಿತಿದ್ದ. ಸಾವಿರದ ಒಂಬೈನೂರ ಹದಿನೆಂಟರ ಮಹಾಜ್ವರದಲ್ಲಿ ಬದುಕಿ ಉಳಿದವನು. ಅಂದಿನಿಂದ ಅವನ ಬಲಗೈ ನಡುಗುತ್ತಿತ್ತು, ಚಮಚೆ ಬಾಯಿಗೆ ಹೋಗುವಷ್ಟರಲ್ಲಿ ಸೂಪೆಲ್ಲ ಅಂಗಿಯ ಮೇಲೆ.

"ಅಜ್ಜಿ, ನಿನ್ನ ಅಕ್ಷರ ಎಷ್ಟು ಚೆಂದ. ಸ್ಕೂಲಲ್ಲಿ ಕಲಿತಿದ್ದಾ?"

"ಸ್ಕೂಲಲ್ಲಿ ಎಲ್ಲಿ ಮಗು. ಮದುವೆಯಾದ ಮೇಲೆ. ಈ ಮೇಜಿನ ಮೇಲೇ ಕೂತು, ಕೈ ನೋಯೋವಷ್ಟು, ಒಂದೇ ಹೆಸರನ್ನ ಸಾವಿರಾರು ಸಲ ಬರೆದಿದ್ದೀನಿ."

"ಯಾಕೆ? ತಪ್ಪು ಮಾಡಿದ್ಯಾ?"

ಅಜ್ಜಿ ಕಿಟಕಿಯ ಕಡೆ ನೋಡಿದಳು. ಅಜ್ಜ ಹೊರಗೆ ನೋಡುತ್ತಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ.

"ಹಿಟ್ಟು ಒಣಗ್ತಿದೆ. ಹೊಸಿ," ಎಂದಳು ಅಜ್ಜಿ.

*

ಪ್ರೆವಿಟ್ ಎರಡು ನಿಮಿಷವಲ್ಲ, ಹತ್ತು ನಿಮಿಷ ನೋಡಿದ. ಕುತ್ತಿಗೆಯಲ್ಲಿ ತೂಗುತ್ತಿದ್ದ ಭೂತಗನ್ನಡಿ ಚೀಟಿಯಿಂದ ನೋಟಿಗೆ, ನೋಟಿನಿಂದ ಚೀಟಿಗೆ ಓಡಾಡಿತು. ಚೀಟಿಯ ತಲೆಯಲ್ಲಿ ಡಚ್ ಭಾಷೆಯಲ್ಲಿ ಕ್ರಾಕೆಲಿಂಗ್ ಎಂದಿತ್ತು, ಅದೇ 'ಕೆ'ಯಿಂದ ಶುರು. ಅದೇ ಬೆಕ್ಕು, ಅದೇ ಬಾಲ.

"ಇದು ಯಾರು ಬರೆದಿದ್ದು?"

"ಕ್ಯಾಷಿಯರನ ಹೆಂಡತಿ. ನಮ್ಮಜ್ಜಿ. ಅಜ್ಜನಿಗೆ ಜ್ವರ ಬಂದ ಮೇಲೆ ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ. ಹಾಳೆಗಳು ಮನೆಗೆ ಬರ್ತಿದ್ವು. ನಿಮ್ಮ ಜಮೀನು ಪತ್ರದ ಸಹಿ ಯಾವ ವರ್ಷದ್ದು?"

"ಹದಿನಾಲ್ಕು, ಹದಿನಾರು," ಎಂದ ಪ್ರೆವಿಟ್. ಅವನ ದನಿ ಇಳಿದಿತ್ತು. "ಜ್ವರಕ್ಕೆ ಮುಂಚಿನವು."

ಮಾಕ್ಸ್ಲಿಯ ಕೈಯಲ್ಲಿದ್ದ ಬನ್ನು ಬಾಯಿಯ ಹತ್ತಿರ ನಿಂತಿತು. "ಡಾಕ್ಟ್ರೇ! ಹೆಂಡತಿ ಹಾಕಿದ ಸಹಿ! ಲೋಕಕ್ಕೆಲ್ಲ ಒಂದೇ ನೋಟು, ಜೊತೆಗೆ ಸಾಕ್ಷಿಯಾಗಿ ಚೀಟಿ! ಅಮ್ಮ, ಇವೆರಡನ್ನ ಬೇರೆ ಮಾಡ್ಬೇಡಿ. ಆ ಚೀಟಿ ಮೇಲೆ ಕಾಫಿ ಬೀಳಬಾರದು. ದಯವಿಟ್ಟು ಆ ಲೋಟ ಈಚೆ ಇಡಿ."

ಕಾಲು ಗಂಟೆಯ ಹಿಂದೆ ಯಾರಿಗೂ ಬೇಡವಾಗಿದ್ದ ನೋಟಿಗೆ ಅವನು ಎರಡು ಕೈಯನ್ನೂ ಗೋಡೆಯಂತೆ ಅಡ್ಡ ಹಿಡಿದಿದ್ದ.

"ಅದಿರಲಿ," ಎಂದಳು ಟೀನಾ. "ಡಾಕ್ಟ್ರೇ, ಆ ಸಾಲು ಹೊಡೆದುಹಾಕಿ."

"ಖಂಡಿತ ಪರಿಶೀಲಿಸ್ತೀವಿ, ಅಮ್ಮ. ಅದಕ್ಕೊಂದು ಸಮಿತಿ ಇದೆ. ಮುಂದಿನ ಮುದ್ರಣ ಎರಡು ವರ್ಷಕ್ಕೆ..."

"ನನ್ನ ತಮ್ಮ ಮೇಲಿದ್ದಾನೆ. ಹಿಮ ತೆಗೆದ ತಕ್ಷಣ ಹೊರಡ್ತಾನೆ. ಅಷ್ಟರಲ್ಲಿ ಆಗ್ಬೇಕು."

"ನಾನೊಬ್ಬನೇ ಹಾಗೆಲ್ಲ..."

"ಆವತ್ತು ಒಬ್ಬರೇ ಮಾಡಿದ್ರಿ. ನಗೋಕೆ ಮಾತ್ರ ಸಮಿತಿ ಇತ್ತು."

"ಬರೀರಿ ಡಾಕ್ಟ್ರೇ," ಎಂದು ಮಾಕ್ಸ್ಲಿ ಅವನ ಮೊಣಕೈ ತಿವಿದ. "ನೀವು ಬರೆದ್ರೆ ತಾನೇ ಅದಕ್ಕೆ ಬೆಲೆ." ನ್ಯಾಯಕ್ಕಾಗಿ ಅಲ್ಲಾಡದ ಮುದುಕ ಆ ಮಾತಿಗೆ ಅಲ್ಲಾಡಿದ. ಜೇಬಿನಿಂದ ಪೆನ್ಸಿಲ್ ತೆಗೆದ.

"ಪೆನ್ಸಿಲ್ ಬೇಡ," ಎಂದಳು ಟೀನಾ. "ಅಳಿಸೋಕೆ ಬರತ್ತೆ."

"ಅಮ್ಮ, ನೋಟು ಇರೋ ಕಡೆ ನಾವು ಪೆನ್ನು ತೆಗೆಯೋದಿಲ್ಲ. ನಲವತ್ತು ವರ್ಷದಿಂದ ನನ್ನ ಹತ್ರ ಪೆನ್ನೇ ಇಲ್ಲ."

ಟೀನಾ ನೋಟನ್ನೂ ಚೀಟಿಯನ್ನೂ ಎತ್ತಿ ಕೈಚೀಲಕ್ಕೆ ಹಾಕಿ ಮುಚ್ಚಿದಳು. "ಈಗ ಇಲ್ಲಿ ನೋಟಿಲ್ಲ. ಆಲಿಡಾ, ಮೇಲೆ ಬಾಗಿಲ ಹತ್ರ ಬಂದವರ ಹೆಸರು ಬರೆಸ್ತಾರಲ್ಲ, ಆ ಪೆನ್ನು ತಗೊಂಬಾ."

ಆಲಿಡಾ ಓಡಿ ತಂದಳು. ಪ್ರೆವಿಟ್ ಕೊಂಚ ಹೊತ್ತು ಪೆನ್ನನ್ನು ಯಾರದೋ ಹುಳುಕು ಹಲ್ಲು ನೋಡುವಂತೆ ನೋಡಿದ. ಆಮೇಲೆ ಹಳೆಯ ಸಾಲಿನ ಮೇಲೆ ಗೀಟು ಎಳೆದು, ಟೀನಾ ಹೇಳಿದಂತೆ ಅಂಚಿನಲ್ಲಿ ಬರೆದು, ಕೆಳಗೆ ತನ್ನ ಸಹಿ ಹಾಕಿದ.

"ಏಳಿ," ಎಂದಳು.

"ಎಲ್ಲಿಗೆ?"

"ಯಾರಿಗೆ ಓದಿ ಹೇಳಬೇಕೋ ಅವನು ಮೇಲಿದ್ದಾನೆ."

ಮೆಟ್ಟಿಲು ಹತ್ತುವಾಗ ಮುದುಕನಿಗೆ ಉಬ್ಬಸ ಬಂತು, ಅವಳು ನಿಲ್ಲಲಿಲ್ಲ. ನೈಹಾಫ್ ಪೆಟ್ಟಿಗೆಯ ಮುಚ್ಚಳ ತೆರೆದ. ಎರವಲು ಟೈ ಕಟ್ಟಿಕೊಂಡು ಹಾರ್ಮ್ ಮಲಗಿದ್ದ. ಖಾಲಿ ಚರ್ಚಿನಲ್ಲಿ ಲೀಲಂಡ್ ಪ್ರೆವಿಟ್ ಪುಸ್ತಕ ಬಿಡಿಸಿ ಹಿಡಿದು ಓದಿದ.

"ಸಹಿ ಅಸಲಿ. ಕ್ಯಾಷಿಯರನ ಹೆಂಡತಿ ಆಲ್ಟ್ಯೆ ವಿಯರ್ಸ್ಮಾ ಹಾಕಿದ್ದು. ಹಾರ್ಮ್ ವಿಯರ್ಸ್ಮಾ ಇದನ್ನು ಮುಟ್ಟಿಲ್ಲ."

"ಹೆಸರನ್ನ ಇನ್ನೊಂದು ಸಲ."

"ಹಾರ್ಮ್ ವಿಯರ್ಸ್ಮಾ ಇದನ್ನು ಮುಟ್ಟಿಲ್ಲ."

ಅವನು ಪುಸ್ತಕ ಮುಚ್ಚಿದ. ಟೀನಾ ಪೆಟ್ಟಿಗೆಯ ಮೇಲೆ ಬಾಗಿ, ಕೈಚೀಲದಿಂದ ಚೀಟಿಯನ್ನು ತೆಗೆದು, ತಮ್ಮನ ಕೋಟಿನ ಎದೆಜೇಬಿನೊಳಗೆ ಇಳಿಸಿದಳು. ಜೇಬನ್ನು ಅಂಗೈಯಿಂದ ಸವರಿದಳು.

"ಅಮ್ಮ!" ಮಾಕ್ಸ್ಲಿ ಹಿಂದೆಯೇ ಬಂದಿದ್ದ. "ಏನ್ ಮಾಡ್ತಿದ್ದೀರಿ? ಅದೇ ಸಾಕ್ಷಿ! ಅದಿಲ್ಲದಿದ್ರೆ ನೋಟನ್ನ ಯಾರು ನಂಬ್ತಾರೆ? ಡಾಕ್ಟರ ಮಾತನ್ನ ಬರೀ ಮಾತು ಅಂತಾರೆ!"

"ನನ್ನ ತಮ್ಮ ಮೂವತ್ತಾರು ವರ್ಷ ಬರೀ ಮಾತಿನ ಮೇಲೆ ಬದುಕಿದ. ಇವರೂ ಸ್ವಲ್ಪ ದಿನ ಬದುಕ್ಲಿ."

"ಪಾದ್ರಿ ಹತ್ರ ಹೇಳ್ತೀನಿ. ಒಂದು ಫೋಟೋ ಆದ್ರೂ..."

"ನೈಹಾಫ್, ಮುಚ್ಚಳ ಹಾಕು."

ಮುಚ್ಚಳ ಇಳಿಯುವ ಮೊದಲು ಅವಳು ಹಾರ್ಮನ ಕಿವಿಯ ಹತ್ತಿರ ಏನೋ ಹೇಳಿದಳು. ನೈಹಾಫ್ ಕೇಳಿಸಿಕೊಂಡ, ಯಾರಿಗೂ ಹೇಳಲಿಲ್ಲ. ಕೇಳಿದ್ದು ಮೂರೇ ಮಾತು. "ನಾನು ನೋಡ್ಲಿಲ್ಲ ಕಣೋ."

*

ದಾರಿ ತೆರವಾದಾಗ ಒಂದೂವರೆ. ಬಂದ ನಲವತ್ತರಲ್ಲಿ ಸ್ಮಶಾನಕ್ಕೆ ಹನ್ನೊಂದು ಜನ ಬಂದರು, ಉಳಿದವರಿಗೆ ಚಳಿ. ಗೋದಾಮಿನಿಂದ ಯಾರೂ ಬರಲಿಲ್ಲ. ಪ್ರೆವಿಟ್, ಮಾಕ್ಸ್ಲಿ ಬಂದರು.

ಪೆಟ್ಟಿಗೆ ಪಟ್ಟಿಗಳ ಮೇಲೆ ನಿಧಾನವಾಗಿ ಇಳಿಯಿತು. ಆ ಇಬ್ಬರೂ ಗುಂಡಿಯ ಅಂಚಿನವರೆಗೆ ಹೋಗಿ ಬಗ್ಗಿ ನೋಡಿದರು. ಹಾರ್ಮನನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಯಾರೂ ಎಂದೂ ನೋಡಿರಲಿಲ್ಲ. ಮಾಕ್ಸ್ಲಿಯ ಕಣ್ಣಿನಲ್ಲಿ ನೀರಿತ್ತು. ಅವನು ಕರವಸ್ತ್ರ ತೆಗೆದು ಮೂಗು ಸೀಟಿದ. ಅದನ್ನು ಕಂಡು ಪಾದ್ರಿ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ.

ಟೀನಾಳಿಗೆ ಮಡಿಸುವ ಕುರ್ಚಿ ಹಾಕಿದ್ದರು. ಮೊಣಕಾಲ ಮೇಲೆ ಕಂಬಳಿ, ಅದರ ಮೇಲೆ ಕೈಚೀಲ.

"ಪ್ರಾರ್ಥಿಸೋಣ," ಎಂದ ಪಾದ್ರಿ.

ಹನ್ನೊಂದು ತಲೆಗಳು ಬಾಗಿದವು, ಕಣ್ಣುಗಳು ಮುಚ್ಚಿದವು. ಪಾದ್ರಿಯ ದನಿ ಗಾಳಿಗೆ ಸಿಕ್ಕಿ ಅತ್ತ ಇತ್ತ ಹೋಯಿತು. ಟೀನಾ ಕೈಗವಸು ಕಳಚಿದಳು. ಕೈಚೀಲದ ಗುಂಡಿ ತೆಗೆದ ಸದ್ದಿಗೆ ಪಕ್ಕದಲ್ಲಿದ್ದ ಆಲಿಡಾ ಅರೆಗಣ್ಣು ತೆರೆದಳು.

ಟೀನಾಳ ಎರಡು ಕಣ್ಣುಗಳೂ ತೆರೆದಿದ್ದವು. ನೋಟು ಕಂಬಳಿಯ ಮೇಲಿತ್ತು. ಅವಳು ತಮ್ಮನ ಭೂತಗನ್ನಡಿಯ ಮೇಲೆ ಬಿದ್ದ ಹಿಮವನ್ನು ಹೆಬ್ಬೆರಳಿನಿಂದ ಒರೆಸಿ, ಮತ್ತೆ ಕಣ್ಣಿಗೆ ಹಿಡಿದು, ಮೊದಲ ಮೂಲೆಯಿಂದ ಶುರುಮಾಡಿ ಒಂದೊಂದೇ ಗೆರೆಯನ್ನು ನೋಡುತ್ತಿದ್ದಳು. ಪಾದ್ರಿ ಆಮೆನ್ ಎಂದ. ಎಲ್ಲರೂ ಟೋಪಿ ಹಾಕಿಕೊಂಡರು. ಅವಳು ಇನ್ನೂ ನೋಡುತ್ತಿದ್ದಳು.